ಪಕ್ಕದ ಮನೆಗೆ ಹೋದ ಬೆಳಕು

ಮದ್ರಾಸಿನ ಕ್ರೋಂಪೇಟೆಯ ಒಂದು ಹಾಸ್ಟೆಲ್ಲಿನ ತಾರಸಿಯ ಮೇಲೆ ನಾಲ್ಕು ಕನ್ನಡಿ ಬುಟ್ಟಿಗಳನ್ನು ನಿಲ್ಲಿಸಿ, ಮೊದಲ ಸಲ ಬಿಸಿಲನ್ನು ಒಂದೆಡೆ ಕೂಡಿಸಿದ ದಿನ ನಾನು ಪೂರ್ತಿ ಐದು ನಿಮಿಷ ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ನಾನು ಕೆಲಸಕ್ಕಿದ್ದ ಶೆಡ್ಡಿನ ಯಜಮಾನರು ಸಾಕ್ಷಿ ಇದ್ದಾರೆ, ಕೇಳಬಹುದು.

ಒಂದೊಂದು ಬುಟ್ಟಿಯೂ ಎರಡಾಳೆತ್ತರ. ಕಬ್ಬಿಣದ ಚೌಕಟ್ಟಿಗೆ ಅಂಗೈಯಗಲದ ನೂರಾರು ಕನ್ನಡಿ ಚೂರು ಅಂಟಿಸಿದ್ದೆವು. ಅಷ್ಟೂ ಕನ್ನಡಿಗಳು ಸೂರ್ಯನನ್ನು ಹಿಡಿದು ಎದುರಿಗಿರುವ ಒಂದು ಕಪ್ಪು ಡಬ್ಬದ ಮೇಲೆ ಎಸೆಯಬೇಕು; ಡಬ್ಬದೊಳಗಿನ ನೀರು ಹಬೆಯಾಗಿ, ಕೊಳವೆಯಲ್ಲಿ ಇಳಿದು, ಕೆಳಗಿನ ಅಡುಗೆಮನೆಯಲ್ಲಿ ಮಧ್ಯಾಹ್ನದ ಅನ್ನ ಬೇಯಿಸಬೇಕು. ಡಬ್ಬ ಇಡುವ ಮುಂಚೆ ಯಜಮಾನರು ಒಂದು ತೆಂಗಿನ ಚಿಪ್ಪನ್ನು ಇಕ್ಕಳದಲ್ಲಿ ಹಿಡಿದು ಬೆಳಕು ಕೂಡುವ ಜಾಗಕ್ಕೆ ಒಯ್ದರು. ಒಂದು, ಎರಡು, ಮೂರು. ಹೊಗೆ ಬಂತು ಅನ್ನುವಷ್ಟರಲ್ಲಿ ಬೆಂಕಿ. ಕಡ್ಡಿ ಗೀರಿದವರಿಲ್ಲ, ಎಣ್ಣೆ ಹಾಕಿದವರಿಲ್ಲ. ದಿನಾ ಅಂಬತ್ತೂರಿನಿಂದ ಬಸ್ಸಿನಲ್ಲಿ ಬರುವಾಗ ನನ್ನ ತಲೆ ಕಾಯಿಸಿ ಬೈಸಿಕೊಳ್ಳುತ್ತಿದ್ದ ಅದೇ ಬಿಸಿಲು ಅದು.

ಊರಿನ ಇನ್ನೊಂದು ತುದಿಯ ಅಂಬತ್ತೂರಿನಲ್ಲಿ, ಈ ಕನ್ನಡಿ ಬುಟ್ಟಿ ತಯಾರಿಸುವ ಶೆಡ್ಡೊಂದರಲ್ಲಿ ನಾನು ಕೆಲಸಕ್ಕಿದ್ದೆ. ಹೆಸರಿಗೆ ಇಂಜಿನಿಯರ್, ಕೆಲಸ ಕನ್ನಡಿ ಒರೆಸುವುದು, ಅಸಲಿ ಕಸುಬು ಮಿಮಿಕ್ರಿ. ಯಾರದಾದರೂ ದನಿ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ನನ್ನ ಬಾಯಿಂದ ಬರುತ್ತಿತ್ತು. ಯಜಮಾನರು ಮೈಸೂರು ಕಡೆಯವರು, ಮದ್ರಾಸಿಗೆ ಬಂದು ಕೆಲವೇ ವರ್ಷವಾಗಿತ್ತು. ನಾನು ಮೂರು ತಲೆಮಾರಿನಿಂದ ಇಲ್ಲೇ ಇರುವ ಮನೆಯವನು. ನನ್ನ ಕನ್ನಡ ಕೇಳಿ ಅವರು, "ನಿನ್ನ ಮಾತು ಅರ್ಧ ಬಿಸಿಬೇಳೆ ಭಾತು, ಅರ್ಧ ಸಾಂಬಾರ್ ಸಾದಂ ಕಣಯ್ಯಾ" ಅನ್ನುತ್ತಿದ್ದರು. ನಾನು ಅದೇ ವಾಕ್ಯವನ್ನು ಅವರ ದನಿಯಲ್ಲೇ ಹಿಂದಿರುಗಿಸುತ್ತಿದ್ದೆ.

ಆಗ ಇಂಥ ಯಂತ್ರಗಳಿಗೆ ಸರ್ಕಾರದ ಸಬ್ಸಿಡಿ ಇತ್ತು. ಕನ್ನಡಿ ನಿಲ್ಲಿಸಿ, ಅಧಿಕಾರಿಗಳು ಬಂದು ನೋಡಿ, ಹಬೆ ಬಂದದ್ದು ಖಾತ್ರಿಯಾದರೆ ಹಾಸ್ಟೆಲ್ಲಿಗೆ ಅದರ ಪಾಲೂ, ಅದರಿಂದ ನಮಗೆ ಬಾಕಿ ಹಣವೂ ಸಿಗುತ್ತಿತ್ತು. ಅವರು ಬಂದ ದಿನ ಹಬೆ ಚೆನ್ನಾಗಿಯೇ ಬಂತು, ಫೋಟೋ ಆಯಿತು, ಕೇಸರಿಭಾತ್ ಆಯಿತು. ಆ ಮೇಲೆ ಯಂತ್ರವನ್ನು ಹಾಸ್ಟೆಲ್ಲಿನ ಕೈಗೊಪ್ಪಿಸುವ ಮುಂಚೆ ನಾನು ಒಂದು ಪಟ್ಟಿ ತಯಾರಿಸಿದೆ. ಈ ಕಥೆಯಲ್ಲಿ ನಾನು ಮಾಡಿದ ಘನಕಾರ್ಯ ಅದೊಂದೇ.

ಸೂರ್ಯ ಚಲಿಸಿದ ಹಾಗೆ ಬುಟ್ಟಿಯೂ ತಿರುಗಬೇಕಲ್ಲ, ಅದಕ್ಕೊಂದು ಗಡಿಯಾರದ ಯಂತ್ರ. ಸಂಜೆ ಬುಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಕೆಂಪು ಗುರುತಿಗೆ ತಂದು ಬೀಗ ಹಾಕುವುದು. ಮಾರನೆಯ ಬೆಳಗ್ಗೆ ಸರಿಯಾದ ಹೊತ್ತಿಗೆ ಬೀಗ ತೆಗೆದರೆ ದಿನವಿಡೀ ಅದು ಸೂರ್ಯನ ಹಿಂದೆಯೇ ಹೋಗುತ್ತದೆ. ಸರಿಯಾದ ಹೊತ್ತು ಅಂದರೆ ನೆತ್ತಿಯ ಮೇಲೆ ಸೂರ್ಯ ಬರುವುದಕ್ಕೆ ನಾಲ್ಕು ಗಂಟೆ ಮುಂಚೆ. ಅದು ದಿನಕ್ಕಿಷ್ಟು ಬದಲಾಗುತ್ತದೆ. ಆದ್ದರಿಂದ ವರ್ಷದ ಪ್ರತಿ ವಾರಕ್ಕೂ ಬೀಗ ತೆಗೆಯುವ ವೇಳೆ ಬರೆದು, ಲ್ಯಾಮಿನೇಟ್ ಮಾಡಿಸಿ, ತಾರಸಿಯ ಬಾಗಿಲಿಗೆ ಹೊಡೆದೆ. ಕೆಳಗೆ ಕೆಂಪು ಅಕ್ಷರದಲ್ಲಿ, ತಮಿಳಿನಲ್ಲಿ: ಕಾವಲುಗಾರರನ್ನು ಬಿಟ್ಟು ಬೇರಾರೂ ಚಕ್ರ ಮುಟ್ಟಕೂಡದು.

ಹಾಸ್ಟೆಲ್ಲಿನ ಕಾವಲುಗಾರರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಪಟ್ಟಿಯಲ್ಲಿ ಎಂಟು ಗಂಟೆ ಏಳು ನಿಮಿಷ ಅಂದರೆ ಎಂಟು ಗಂಟೆ ಏಳು ನಿಮಿಷವೇ. ಬೀಗ ತೆಗೆಯುವಾಗ ಹಸಿರು ಬಾವುಟ ತೋರಿಸುವುದೊಂದೇ ಬಾಕಿ.

ಪಟ್ಟಿ ಹೊಡೆದು ಎರಡು ವಾರ ಆಗಿರಲಿಲ್ಲ, ದೂರು ಶುರುವಾಯಿತು. ಹಬೆ ಬರುತ್ತಿತ್ತು, ಆದರೆ ಕ್ಷಯರೋಗಿಯ ಉಸಿರಿನ ಹಾಗೆ. ಹನ್ನೊಂದು ಗಂಟೆಗೆ ಅನ್ನ ಬೇಯದೆ ಕೊನೆಗೆ ಡೀಸೆಲ್ ಬಾಯ್ಲರ್ ಹಚ್ಚುತ್ತಿದ್ದರು. ಅಡುಗೆಮನೆಯ ಹಿಂದಿನ ಗೋಡೆ ಮತ್ತೆ ಕಪ್ಪಾಗತೊಡಗಿತು. ಅಲ್ಲಿನ ಮುಖ್ಯ ಅಡುಗೆಯಾಕೆ ಇಪ್ಪತ್ತು ವರ್ಷದಿಂದ ಆ ಹೊಗೆ ಕುಡಿದವರು. ಮಾತಿಗೆ ಮೂರು ಸಲ ಕೆಮ್ಮುತ್ತಿದ್ದರು. ಕನ್ನಡಿ ಬಂದ ಮೊದಲ ಹದಿನೈದು ದಿನ ಕೆಮ್ಮು ಕಮ್ಮಿಯಾಗಿತ್ತಂತೆ. ಈಗ ನಾನು ಹೋದಾಗಲೆಲ್ಲ ಸೌಟು ಹಿಡಿದೇ ಹೊರಗೆ ಬಂದು ತಮಿಳಿನಲ್ಲಿ ಹೇಳುವರು: "ತಂಬಿ, ನಿನ್ನ ಬೆಳಕು ಪಕ್ಕದ ಮನೆಗೆ ಹೋಗ್ತಾ ಇದೆ. ನಮ್ಮ ಮನೆಗೆ ಬರ್ತಾ ಇಲ್ಲ."

ಎಂಥ ವಾಕ್ಯ! ನನಗೆ ಹಬ್ಬ. ಅವರ ಕೆಮ್ಮು, ಸೌಟು, ಸೊಂಟದ ಮೇಲಿನ ಕೈ, ಎಲ್ಲ ಸೇರಿಸಿ ಅಂಬತ್ತೂರಿನ ಶೆಡ್ಡಿನಲ್ಲಿ ದಿನಾ ಒಂದು ಪ್ರದರ್ಶನ ಕೊಡುತ್ತಿದ್ದೆ. "ಬೆಳಕು ಪಕ್ಕದ ಮನೆಗೆ ಹೋಗ್ತಾ ಇದೆ ತಂಬೀ..." ವೆಲ್ಡರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕರೆಂಟು ಹೋದರೂ ಅದೇ ಡೈಲಾಗು, ಟೀ ತಡವಾದರೂ ಅದೇ.

ತಪಾಸಣೆ ಮಾಡಲಿಲ್ಲ ಅಂತಲ್ಲ. ಮೂರು ಸಲ ಹೋದೆ. ಅಂಬತ್ತೂರಿನಿಂದ ಹೊರಟು ಕ್ರೋಂಪೇಟೆ ಮುಟ್ಟುವಷ್ಟರಲ್ಲಿ ಊಟದ ಹೊತ್ತು; ಅದು ನನ್ನ ಲೆಕ್ಕಾಚಾರವೂ ಹೌದು, ಹಾಸ್ಟೆಲ್ಲಿನ ಮೋರು ಕುಳಂಬು, ಅಂದರೆ ನಮ್ಮ ಮಜ್ಜಿಗೆ ಹುಳಿ, ಅಷ್ಟು ಚೆನ್ನಾಗಿತ್ತು. ಕನ್ನಡಿ ಒರೆಸುತ್ತಿದ್ದೆ. ಕೊಳವೆಯ ಸುತ್ತಿನ ನಾರು ನೋಡುತ್ತಿದ್ದೆ. ಬೆಳಕು ಡಬ್ಬದಿಂದ ಸ್ವಲ್ಪ ಸರಿದಂತೆ ಕಂಡರೆ ಚಕ್ರವನ್ನು ಸುಮ್ಮನೆ ಕೈರೂಢಿಯಲ್ಲಿ ಒಂದಿಷ್ಟು ತಿರುವುತ್ತಿದ್ದೆ. ತಿರುವಿದರೆ ಹಬೆ ಹುಯ್ಯೆಂದು ಏರುತ್ತಿತ್ತು. "ನೋಡಿ, ಕನ್ನಡಿ ಕೊಳೆಯಾಗಿತ್ತು ಅಷ್ಟೇ" ಅಂತ ಉಪದೇಶ ಮಾಡಿ ಉಂಡು ಬರುತ್ತಿದ್ದೆ. ಸಂಜೆ ಕಾವಲುಗಾರರು ಬುಟ್ಟಿಯನ್ನು ಮತ್ತೆ ಕೆಂಪು ಗುರುತಿಗೇ ತರುತ್ತಿದ್ದರು. ಮಾರನೆಯ ದಿನ ಮತ್ತೆ ಕ್ಷಯ.

ಆಗ ಎರಡು ಕಡೆಯಿಂದ ಏಟು ಬಿತ್ತು. ಹಾಸ್ಟೆಲ್ಲಿನ ವಾರ್ಡನ್ ಫೋನು ಮಾಡಿ, ಬರುವ ಶುಕ್ರವಾರ ಗುಜರಿಯವನನ್ನು ಕರೆದಿದ್ದೇನೆ, ನಿಮ್ಮ ಕನ್ನಡಿ ಇಳಿಸಿ ತಾರಸಿ ಖಾಲಿ ಮಾಡುತ್ತೇನೆ ಅಂದರು. ಅದೇ ವಾರದ ಮಂಗಳವಾರ ನಗರದಲ್ಲಿ ಒಂದು ಸಭೆ: ಇಂಥ ಯಂತ್ರಗಳಿಗೆ ಸಬ್ಸಿಡಿ ಮುಂದುವರಿಸಬೇಕೇ ಬೇಡವೇ ಎಂದು ತಯಾರಕರು, ಬಳಕೆದಾರರು, ಅಧಿಕಾರಿಗಳು ಎದುರುಬದುರು ಕೂತು ವಾದಿಸುವ ಸಭೆ. ಅದರ ಮುಖ್ಯಸ್ಥರು ಲೆಕ್ಕಪತ್ರದ ಇಲಾಖೆಯಿಂದ ನಿವೃತ್ತರಾದ ಒಬ್ಬರು. ತಿಂಗಳ ಹಿಂದೆ ಯಾರಿಗೂ ಹೇಳದೆ ಅದೇ ಹಾಸ್ಟೆಲ್ಲಿಗೆ ಹೋಗಿ, ತಣ್ಣನೆಯ ಕೊಳವೆ ಮುಟ್ಟಿ ನೋಡಿ ಬಂದಿದ್ದರು. ನಮ್ಮ ಯಜಮಾನರು ತಯಾರಕರ ಪರವಾಗಿ ಮಾತಾಡಬೇಕಿತ್ತು.

ಹಿಂದಿನ ಶನಿವಾರ ಶೆಡ್ಡಿನಲ್ಲಿ ತಾಲೀಮು ಇಟ್ಟುಕೊಂಡರು. "ನೀನು ಆ ಮುಖ್ಯಸ್ಥರಾಗು. ನನ್ನನ್ನ ಹಿಗ್ಗಾಮುಗ್ಗಾ ಕೇಳು" ಅಂದರು.

ಆ ಮನುಷ್ಯನ ಭಾಷಣವನ್ನು ನಾನು ಎರಡು ಸಲ ಕೇಳಿದ್ದೆ. ದನಿ ಏರಿಸುವುದೇ ಇಲ್ಲ. ಪ್ರಶ್ನೆ ಕೇಳುವ ಮುಂಚೆ ಪೆನ್ನಿನ ಮುಚ್ಚಳವನ್ನು ನಿಧಾನಕ್ಕೆ ಹಾಕುತ್ತಾರೆ, ಟಿಕ್. ಆ ಟಿಕ್ ಕೇಳಿದರೆ ಎದುರಿನವರ ಬೆನ್ನು ತಣ್ಣಗಾಗುತ್ತದೆ. ನಾನು ಕುರ್ಚಿಯಲ್ಲಿ ಕೂತೆ, ಭುಜ ಇಳಿಸಿದೆ, ಟಿಕ್ ಮಾಡಿದೆ.

"ಹೊಸ ವಿದ್ಯೆ, ಸಾರ್," ಯಜಮಾನರು ಶುರುಮಾಡಿದರು. "ಎಳೆ ಕೂಸು. ತಾಯಿಹಾಲು ಬೇಕು."

"ಕೂಸಿಗೆ ಮೀಸೆ ಬಂದಿದೆ," ಅಂದೆ ಆ ದನಿಯಲ್ಲಿ. "ಇನ್ನೆಷ್ಟು ವರ್ಷ?"

ವೆಲ್ಡರುಗಳು ಚಪ್ಪಾಳೆ ಹೊಡೆದರು.

"ಸಾರ್, ಡೀಸೆಲ್ಲಿಗೂ ಸೀಮೆಎಣ್ಣೆಗೂ ಸರ್ಕಾರ ಕೈಯಿಂದ ಹಾಕ್ತಾನೇ ಇದೆ. ಅದನ್ನ ಯಾರೂ ಭಿಕ್ಷೆ ಅನ್ನಲ್ಲ. ಸೂರ್ಯನಿಗೆ ಕೊಟ್ಟರೆ ಮಾತ್ರ ಭಿಕ್ಷೆ."

ಒಳ್ಳೆಯ ಏಟು. ನಾನಾಗಿದ್ದರೆ ಸೋತುಬಿಡುತ್ತಿದ್ದೆ. ಆದರೆ ಆ ಕುರ್ಚಿಯಲ್ಲಿ ಕೂತಿದ್ದವನು ನಾನಲ್ಲ. ಟಿಕ್. "ಡೀಸೆಲ್ ಉರಿದೇ ಉರಿಯುತ್ತದೆ. ನಾವು ಹಣ ಕೊಟ್ಟದ್ದು ಕನ್ನಡಿಗೆ. ಹಬೆ ಎಲ್ಲಿ? ನಮ್ಮ ತಪಾಸಣೆ ಮುಗಿದ ಮೇಲೆ ನೀವು ಬೆಳಗಿನ ಹೊತ್ತು ಒಂದು ಸಲವಾದರೂ ಆ ತಾರಸಿ ಹತ್ತಿದ್ದೀರಾ?"

ಯಜಮಾನರು ಭಾಷಣದ ಹಾಳೆ ತಿರುವಿ ಹುಡುಕತೊಡಗಿದರು. ಆ ಪ್ರಶ್ನೆಯನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಭುಜ ಇಳಿಸಿ ಟಿಕ್ ಮಾಡಿದೊಡನೆ ಅದು ತಾನಾಗಿ ಬಂತು. ಇನ್ನೊಬ್ಬರ ದನಿಯೊಳಗೆ ಅವರ ಬುದ್ಧಿಯೂ ಅಷ್ಟೋ ಇಷ್ಟೋ ಇರುತ್ತದೆ ಅಂತ ಆವತ್ತಿನವರೆಗೆ ನನಗೆ ತಿಳಿದಿರಲಿಲ್ಲ.

ವಾತಾವರಣ ತಿಳಿಯಾಗಲಿ ಅಂತ ಒಬ್ಬ ವೆಲ್ಡರ್ ಕೂಗಿದ: "ಸಾಕ್ಷಿಗೆ ಅಡುಗೆ ಅಮ್ಮನ್ನ ಕರೀರಿ!" ಸರಿ, ಎದ್ದು ಸೊಂಟಕ್ಕೆ ಕೈ ಇಟ್ಟೆ, ಕೆಮ್ಮಿದೆ. "ಸ್ವಾಮೀ, ಬೆಳಕು ಪಕ್ಕದ ಮನೆಗೆ ಹೋಗ್ತಾ ಇದೆ!" ಎಲ್ಲ ನಕ್ಕರು. ಮತ್ತೆ ಕುರ್ಚಿಗೆ ಹಾರಿ, ಭುಜ ಇಳಿಸಿ, ಟಿಕ್. "ಯಾವ ಪಕ್ಕದ ಮನೆಗಮ್ಮಾ? ಮೂಡಣ ಮನೆಗೋ, ಪಡುವಣ ಮನೆಗೋ?"

ಸೊಂಟಕ್ಕೆ ಕೈ ಇಡಲು ಮತ್ತೆ ಎದ್ದವನು ಅರ್ಧಕ್ಕೇ ನಿಂತೆ. ಉತ್ತರ ನನಗೆ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಅವರ ವಾಕ್ಯ ಹೇಳಿ ಹೇಳಿ ನಗಿಸಿದವನು, ಅವರನ್ನು ಈ ಒಂದು ಮಾತು ಕೇಳಿರಲಿಲ್ಲ.

"ಯಾಕಯ್ಯಾ, ಮುಂದೆ?" ಅಂದರು ಯಜಮಾನರು.

"ಸಾರ್, ಆಯಮ್ಮ ತಮಾಷೆ ಮಾಡ್ತಿಲ್ಲ. ಅವರು ನೋಡಿದ್ದನ್ನೇ ಹೇಳ್ತಿದ್ದಾರೆ."

ಯಜಮಾನರು ಭಾಷಣದ ಹಾಳೆ ಮಡಿಸಿಟ್ಟರು. "ಇದು ಹಾಳಾಗ್ಲಿ. ಸೋಮವಾರ ಬೆಳಗ್ಗೆ ಬೀಗ ತೆಗೆಯೋ ಮುಂಚೆ ಅಲ್ಲಿರೋಣ."

ಸೋಮವಾರ ಏಳೂವರೆಗೆ ತಾರಸಿಯಲ್ಲಿದ್ದೆವು. ಅಡುಗೆಯಾಕೆಯೂ ಮೇಲೆ ಬಂದರು. ಕಾವಲುಗಾರರು ಪಟ್ಟಿ ನೋಡಿ, ಕೈಗಡಿಯಾರ ನೋಡಿ, ಕ್ಷಣ ತಪ್ಪದೆ ಬೀಗ ತೆಗೆದರು. ಬೆಳಕು ಮೂಡಿತು, ಡಬ್ಬದ ಮೇಲಲ್ಲ, ಅದರ ಮೂಡಣ ಪಕ್ಕದಲ್ಲಿ. ಅರ್ಧ ಮಾತ್ರ ಡಬ್ಬದ ಅಂಚಿಗೆ ತಾಗಿ, ಉಳಿದರ್ಧ ಗಾಳಿಯಲ್ಲಿ ಹಾದು, ಹಿಗ್ಗಿಕೊಂಡು, ಮೂಡಣ ಮನೆಯ ತಾರಸಿಯ ಮೇಲೆ ಬಿಳಿ ಹಾಳೆ ಹಾಸಿದ ಹಾಗೆ ಬಿತ್ತು. ಅಲ್ಲಿ ಹಳೆ ಸೀರೆ ಹಾಸಿ ಯಾರೋ ವಡಾಂ ಒಣಗಿಸಿದ್ದರು. ನಮ್ಮ ಸಂಡಿಗೆಯಂಥದೇ ವಡಾಂ.

"ನೋಡು ತಂಬಿ," ಅಂದರು ಆಕೆ, ಮೆಲ್ಲಗೆ. ಬಯ್ಯಲೂ ಇಲ್ಲ.

"ನೀವೇ ಒಂಚೂರು ಚಕ್ರ ತಿರುಗಿಸಬಹುದಿತ್ತಲ್ಲಮ್ಮಾ?"

ಆಕೆ ಬಾಗಿಲ ಮೇಲಿನ ಕೆಂಪು ಅಕ್ಷರ ತೋರಿಸಿದರು. "ಮುಟ್ಟಕೂಡದು ಅಂತ ನೀನೇ ಬರೆದಿದ್ದೀಯ."

ಯಜಮಾನರು ಚೋಟಿನಿಂದ ಅಳೆದರು. ಒಂದು ಚೋಟು ತಪ್ಪಿತ್ತು. ಒಂಬತ್ತಕ್ಕೆ ಅಳೆದರು, ಒಂದು ಚೋಟು. ಹತ್ತಕ್ಕೂ ಅಷ್ಟೇ, ಅದೇ ಪಕ್ಕಕ್ಕೆ. "ಕನ್ನಡಿ ಕೊಳೆಯಾಗಿದ್ರೆ ಬೆಳಕು ಮಂಕಾಗ್ತಿತ್ತು, ಸರೀತಿರಲಿಲ್ಲ. ಗಡಿಯಾರ ನಿಧಾನ ಆಗಿದ್ರೆ ಹೊತ್ತು ಏರಿದ ಹಾಗೆ ತಪ್ಪೂ ಏರ್ತಿತ್ತು. ಇದು ಓಟದ ತಪ್ಪಲ್ಲ, ಹೊರಟಿದ್ದೇ ತಡವಾಗಿ." ಲೆಕ್ಕ ಹಾಕಿದರು. "ಹತ್ತು ಹನ್ನೊಂದು ನಿಮಿಷ ತಡ. ಏನಯ್ಯಾ, ಈ ಪಟ್ಟಿ ಎಲ್ಲಿಂದ ತಂದೆ?"

"ನಮ್ಮ ತಾತನ ಪಂಚಾಂಗದಿಂದ ಸಾರ್. ಉದಯ, ಅಸ್ತ ಎರಡೂ ಇರ್ತದಲ್ಲ, ಎರಡರ ನಡುವೆ ನಡುಹಗಲು."

"ಲೆಕ್ಕ ಸರಿ. ಯಾವೂರ ಉದಯ?"

ನನ್ನ ಬಾಯಿ ಎರಡನೆಯ ಸಲ ಮುಚ್ಚಿತು. ನಮ್ಮ ಮನೆಗೆ ಪ್ರತಿ ಯುಗಾದಿಗೆ ಪಂಚಾಂಗ ಬರುವುದು ಬೆಂಗಳೂರಿನಿಂದ, ಅಂಚೆಯಲ್ಲಿ. ಮೂರು ತಲೆಮಾರು ಮದ್ರಾಸಿನಲ್ಲಿದ್ದರೂ ಪಂಚಾಂಗ ಮಾತ್ರ ಅಲ್ಲಿಯದೇ. ಚೆನ್ನೈ ಅದಕ್ಕಿಂತ ಪೂರ್ವಕ್ಕೆ; ಸೂರ್ಯ ಮೊದಲು ನಮ್ಮನ್ನು ನೋಡಿಕೊಂಡು ಹತ್ತು ಹನ್ನೊಂದು ನಿಮಿಷದ ಮೇಲೆ ಅವರ ಕಡೆ ಹೋಗುತ್ತಾನೆ.

ಯಜಮಾನರು ತಾರಸಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ನಕ್ಕರು. "ತಮಿಳುನಾಡಿನ ಸೂರ್ಯನಿಗೆ ಕರ್ನಾಟಕದ ಟೈಮು ಕೊಟ್ಟಿದ್ದೀಯಲ್ಲೋ! ಬರಲಿಲ್ಲ ಅಂತ ಅವನ ಮೇಲೆ ದೂರು ಬೇರೆ!"

ಅಡುಗೆಯಾಕೆಯ ಕೈಯಿಂದಲೇ ಚಕ್ರ ತಿರುಗಿಸಿದೆವು. ಬೆಳಕಿನ ಉಂಡೆ ಮೆಲ್ಲಗೆ ತೆವಳಿ ಡಬ್ಬದ ನಡುಮಧ್ಯಕ್ಕೆ ಬಂದು ಕೂತಿತು. ಕಪ್ಪು ಡಬ್ಬ ನೋಡುನೋಡುತ್ತಿದ್ದಂತೆ ಕಣ್ಣು ಕುಕ್ಕುವ ಬಿಳುಪಾಯಿತು. ಕೊಳವೆಯೊಳಗೆ ನೀರು ಮೊದಲು ಟಕಟಕ, ಆಮೇಲೆ ಗುಂಯ್ ಅಂದಿತು. ಆಕೆ ಆ ಸದ್ದಿಗೆ ತಲೆ ಓರೆ ಮಾಡಿ ಕೇಳಿ, "ಅಕ್ಕಿ ಹಾಕ್ತೀನಿ" ಅಂತ ಕೆಳಗೆ ಓಡಿದರು.

ವಾರ್ಡನ್ ಮಾತ್ರ ಕರಗಲಿಲ್ಲ. "ಆಫೀಸರುಗಳು ಬಂದ ದಿನವೂ ಹೀಗೇ ಬಂತಲ್ಲ ಸಾರ್. ಶುಕ್ರವಾರದವರೆಗೆ ನೋಡ್ತೀನಿ. ಗುಜರಿಯವನು ಬರೋದು ಬರೋದೇ."

ಸಂಜೆ ಮನೆಯಲ್ಲಿ ತಾತನ ಮುಂದೆ ಪಂಚಾಂಗ ಹಿಡಿದೆ. "ತಾತ, ನೀವು ಅರವತ್ತು ವರ್ಷದಿಂದ ಹನ್ನೊಂದು ನಿಮಿಷ ಲೇಟಾಗಿ ಅರ್ಘ್ಯ ಕೊಡ್ತಿದ್ದೀರಿ."

ತಾತ ಕನ್ನಡಕದ ಮೇಲಿಂದ ನೋಡಿದರು. "ಪುಸ್ತಕ ನೋಡಿ ಯಾರಾನಾ ಅರ್ಘ್ಯ ಕೊಡ್ತಾರಾ? ಅದು ತಿಥಿಗೆ. ಸೂರ್ಯನ್ನ ನೋಡಕ್ಕೆ ಮೊಟ್ಟೈಮಾಡಿ ಇದೆಯಲ್ಲೋ, ಹತ್ತಿ ನೋಡೋದು!" ಮೊಟ್ಟೈಮಾಡಿ ಅಂದರೆ ತಾರಸಿ. ಅದನ್ನು ಹತ್ತುವುದೇ ನನ್ನ ಉದ್ಯೋಗ.

ಮಂಗಳವಾರ ಸಭೆ. ದಾರಿಯಲ್ಲಿ ಯಜಮಾನರನ್ನು ಕೇಳಿದೆ: "ಈಗ ಯಂತ್ರ ಓಡ್ತಿದೆ ಅಂತಷ್ಟೇ ಹೇಳಿದ್ರೆ ಸಾಲದಾ?" ಅವರು ಕಿಟಕಿಯಾಚೆ ನೋಡುತ್ತ, "ಸಾಲ್ತದೆ. ಆದರೆ ಆ ಮುಖ್ಯಸ್ಥರು ಮುಟ್ಟಿದ ದಿನ ಕೊಳವೆ ತಣ್ಣಗಿತ್ತಲ್ಲ, ಅದಕ್ಕೆ ಉತ್ತರ ಕೊಡಬೇಕಾದೋನು ಪಟ್ಟಿ ಬರೆದೋನು" ಅಂದರು.

ಹಾಗಾಗಿ ನಾನು ಎದ್ದು ನಿಂತೆ, ನನ್ನದೇ ದನಿಯಲ್ಲಿ. ಅದು ಎಷ್ಟು ತೆಳ್ಳಗಿದೆ ಅಂತ ಅಂದೇ ಗೊತ್ತಾಗಿದ್ದು. ಪಂಚಾಂಗದ ಕಥೆ ಪೂರ್ತಿ ಹೇಳಿದೆ. ಸಭೆ ನಕ್ಕಿತು. ಮುಖ್ಯಸ್ಥರು ನಗಲಿಲ್ಲ. ಟಿಕ್.

"ತಪಾಸಣೆಯ ಮೇಲೆ ಬೆಳಗಿನ ಹೊತ್ತು ಎಷ್ಟು ಸಲ ಹೋಗಿದ್ದಿರಿ?"

ಹೆಚ್ಚುಕಮ್ಮಿ ಅದೇ ಪ್ರಶ್ನೆ. ನನ್ನ ಬೆನ್ನು ತಣ್ಣಗಾಯಿತು, ಆದರೆ ಒಳಗೆಲ್ಲೋ ಕಲಾವಿದ ಹಿಗ್ಗಿದ. "ಒಂದು ಸಲವೂ ಇಲ್ಲ ಸಾರ್. ಊಟದ ಹೊತ್ತಿಗೆ ಹೋಗ್ತಿದ್ದೆ."

"ಯಾಕೆ ಹೋಗಲಿಲ್ಲ ಅಂದರೆ, ಹಣ ಬಂದಾಗಿತ್ತು," ಅಂದರು ಮುಖ್ಯಸ್ಥರು. "ಸೂರ್ಯನ ಮೇಲೆ ನನಗೆ ದ್ವೇಷವಿಲ್ಲ. ನಾವು ಕನ್ನಡಿಗೆ ಕೊಟ್ಟೆವು, ನೀವು ಕನ್ನಡಿ ನಿಲ್ಲಿಸಿದಿರಿ. ಹಬೆಗೆ ಕೊಡುವವರೂ ಇಲ್ಲ, ಕೇಳುವವರೂ ಇಲ್ಲ."

ಬಳಕೆದಾರರ ಸಾಲಿನಲ್ಲಿ ಕೆಮ್ಮು ಕೇಳಿತು. ಇಸ್ತ್ರಿ ಮಾಡಿದ ನೀಲಿ ಸೀರೆಯಲ್ಲಿ ಅಡುಗೆಯಾಕೆ ಎದ್ದು ನಿಂತಿದ್ದರು, ಯಜಮಾನರೇ ಕರೆಸಿದ್ದರು. "ಸ್ವಾಮಿ, ನಾನೊಂದು ಕೇಳಲಾ? ತಿಂಗಳ ಹಿಂದೆ ನೀವು ಬಂದಿರಿ. ಕೊಳವೆ ತಣ್ಣಗಿದೆಯಾ ಅಂತ ಮುಟ್ಟಿ ನೋಡಿದಿರಿ. ಒಳ್ಳೇದು. ಪಕ್ಕದಲ್ಲೇ ಡೀಸೆಲ್ ಬಾಯ್ಲರ್ ಉರೀತಿತ್ತು. ಅದಕ್ಕೂ ಸರ್ಕಾರ ಕೊಡುತ್ತೆ ಅಂತ ಈ ಕನ್ನಡಿ ಕಂಪನಿ ಸಾರ್ ಹೇಳಿದ್ರು. ಇಪ್ಪತ್ತು ವರ್ಷದಲ್ಲಿ ಒಬ್ಬರಾದರೂ ಬಂದು, ಹೊಗೆ ಎಷ್ಟು ಬಂತು, ಯಾರ ಎದೆಗೆ ಹೋಯ್ತು ಅಂತ ಮುಟ್ಟಿ ನೋಡಿದ್ರಾ? ಕೇಳೋದಾದರೆ ಎರಡನ್ನೂ ಕೇಳಿ."

ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆದರು, ಹಾಕಲಿಲ್ಲ, ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಕೊನೆಗೆ, ಸಬ್ಸಿಡಿಯ ಒಂದು ಭಾಗವನ್ನು ವರ್ಷ ಕಳೆದ ಮೇಲೆ, ಹಬೆ ಬಂದಷ್ಟಕ್ಕೆ ಅಳೆದು ಕೊಡಬೇಕು, ಡೀಸೆಲ್ ಹೊಗೆಯ ಲೆಕ್ಕವೂ ಎದುರಿಗಿರಬೇಕು ಅಂತ ತಮ್ಮ ಶಿಫಾರಸನ್ನು ಓದಿದರು. ಆ ಕಾಗದ ಮುಂದೆ ಯಾವ ಮೇಜಿನ ಮೇಲೆ ಮಲಗಿತೋ ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದದ್ದು ಆ ಇಬ್ಬರನ್ನು. ಇಬ್ಬರ ದನಿಯನ್ನೂ ಕದ್ದು ಮೆರೆದವನಿಗೆ, ಎದುರೆದುರು ನಿಂತ ಅಸಲಿಗಳ ಮುಂದೆ ಕಳ್ಳ ಸಿಕ್ಕಿಬಿದ್ದ ಹಾಗಾಗಿತ್ತು.

ಬುಧವಾರ ಹಬೆ ಬಂತು. ಗುರುವಾರ ಆಕಾಶ ಮುಚ್ಚಿಕೊಂಡು ಡೀಸೆಲ್ಲೇ ಗತಿಯಾಯಿತು. ವಾರ್ಡನ್ ನನ್ನ ಮುಖ ನೋಡಿದರು. ಶುಕ್ರವಾರ ಬೆಳಗ್ಗೆ ಹೊಸ ಪಟ್ಟಿಯೊಂದಿಗೆ ಹೋದೆ. ಈ ಸಲ ಚೆನ್ನೈಯದೇ ಉದಯಾಸ್ತ. ಕೆಂಪು ಅಕ್ಷರದ ಜಾಗದಲ್ಲಿ ಬರೆದಿದ್ದೆ: ಬೆಳಕು ಡಬ್ಬದ ಮೇಲೆ ಇಲ್ಲದಿದ್ದರೆ ಅಡುಗೆಯ ಅಮ್ಮ ಚಕ್ರ ತಿರುಗಿಸುವರು.

ಬಿಸಿಲು ಹೊಳೆಯಿತು. ಹನ್ನೊಂದಕ್ಕೆ ಗುಜರಿಯವನು ಸುತ್ತಿಗೆ, ಹಗ್ಗ ಹಿಡಿದು ಬಂದ. ವಾರ್ಡನ್ ಅವನ ಜೊತೆ ಅಡುಗೆಮನೆಗೆ ಬಂದರೆ ಅಂಡೆಯ ಮುಚ್ಚಳ ಹಬೆಯಲ್ಲಿ ಕುಣಿಯುತ್ತಿತ್ತು, ಬಾಯ್ಲರ್ ತಣ್ಣಗಿತ್ತು. ವಾರ್ಡನ್ ಬಾಯ್ಲರ್ ಮುಟ್ಟಿ ನೋಡಿದರು. ಕನ್ನಡಿಯನ್ನಲ್ಲ, ಬಾಯ್ಲರನ್ನು. ಆಮೇಲೆ ಗುಜರಿಯವನಿಗೆ, "ಊಟ ಮಾಡ್ಕೊಂಡು ಹೋಗಪ್ಪಾ" ಅಂದರು.

ಅವನು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿರುವಾಗ ಮೂಡಣ ಮನೆಯ ಹೆಂಗಸು ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಮೊರ, ಮೊರದಲ್ಲಿ ಮೆತ್ತಗಿನ ವಡಾಂ.

"ಏನಕ್ಕಾ, ನಿಮ್ಮ ಮೇಲಿನ ಯಂತ್ರಕ್ಕೆ ಏನಾಯ್ತು? ಇಷ್ಟು ತಿಂಗಳು ಎಷ್ಟು ಚೆನ್ನಾಗಿತ್ತು! ಹತ್ತು ಗಂಟೆಗೆಲ್ಲ ಒಣಗ್ತಿತ್ತು. ಸೋಮವಾರದಿಂದ ಕೆಟ್ಟುಹೋಗಿದೆ ನೋಡಿ. ರಿಪೇರಿಯವರು ಯಾರೂ ಬರಲ್ವಾ?"

ಅಡುಗೆಯಾಕೆ ನನ್ನ ಕಡೆ ಸೌಟು ತೋರಿಸಿದರು. "ಇಗೋ, ನಿಮ್ಮ ರಿಪೇರಿ ತಂಬಿ ಇಲ್ಲೇ ಇದಾನೆ, ಕೇಳಿ." ಆಮೇಲೆ ನಗತೊಡಗಿದರು. ಬಹಳ ಹೊತ್ತು ನಕ್ಕರು. ನಡುವೆ ಒಂದು ಸಲವೂ ಕೆಮ್ಮಲಿಲ್ಲ.